ಗುರುವಾರದ ಮೂರನೇ ಪೀರಿಯಡ್: ಅಪ್ಪನನ್ನು ಕಳೆದುಕೊಂಡ ಹುಡುಗ ಮತ್ತು ಅವನ ಕ್ಲಾಸು

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಯಾರ ಹೆಸರೂ ಇಲ್ಲ. ಶಾಲೆಯ ಹೆಸರೂ ಇಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬೇಕೆಂದೇ ಬದಲಾಯಿಸಿದ್ದೇನೆ. ಹುಡುಗ ಮತ್ತು ಅವನ ತಾಯಿ ಇಬ್ಬರೂ ಇದನ್ನು ಬರೆಯಲು ಒಪ್ಪಿದ್ದಾರೆ. ಹುಡುಗ ಮಾತ್ರ ಒಂದು ಷರತ್ತು ಹಾಕಿದ: "ಪಾಪ ಅನ್ನೋ ಪದ ನನ್ನ ಬಗ್ಗೆ ಬರಬಾರದು ಮಿಸ್." ಆ ಷರತ್ತು ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ನಾನು ಶಾಲೆಯಲ್ಲಿ ಕೌನ್ಸೆಲರ್. ಈ ಪ್ರಕರಣದಲ್ಲಿ ನಾವು ಸರಿಯಾಗಿ ಮಾಡಿದ್ದಕ್ಕಿಂತ ತಪ್ಪು ಮಾಡಿದ್ದೇ ಜಾಸ್ತಿ. ಅದರಲ್ಲಿ ದೊಡ್ಡ ತಪ್ಪು ನನ್ನದೇ.

ಆವತ್ತು

ಆರನೇ ಕ್ಲಾಸು, 38 ಮಕ್ಕಳು. ಹುಡುಗನಿಗೆ ಹನ್ನೊಂದು ವರ್ಷ. ಗುರುವಾರ ಮೂರನೇ ಪೀರಿಯಡ್, ಗಣಿತ. ಅಟೆಂಡರ್ ಬಾಗಿಲು ತಟ್ಟಿ ಒಂದು ಚೀಟಿ ಕೊಟ್ಟರು. ಟೀಚರ್ ಓದಿದರು. ಅವರ ಮುಖ ಬದಲಾಯಿತು. ಹುಡುಗನ ಹೆಸರು ಕರೆದು, "ಬ್ಯಾಗ್ ತಗೊಂಡು ಆಫೀಸಿಗೆ ಹೋಗಪ್ಪ" ಅಂದರು. ಆಫೀಸಿನಲ್ಲಿ ಒಂದನೇ ಕ್ಲಾಸಿನಲ್ಲಿ ಓದುವ ಅವನ ತಂಗಿ ಆಗಲೇ ಕೂತಿದ್ದಳು. ಸೋದರಮಾವ ಬಂದು ಇಬ್ಬರನ್ನೂ ಕರೆದುಕೊಂಡು ಹೋದರು. ಅಪ್ಪನಿಗೆ ಬೆಳಿಗ್ಗೆ ಕೆಲಸದ ಜಾಗದಲ್ಲಿ ಹಾರ್ಟ್ ಅಟ್ಯಾಕ್ ಆಗಿತ್ತು. ಅದನ್ನು ಮಕ್ಕಳಿಗೆ ಹೇಳಿದ್ದು ಮನೆ ತಲುಪಿದ ಮೇಲೆ.

ಹುಡುಗ ಎರಡು ವಾರ ಶಾಲೆಗೆ ಬರಲಿಲ್ಲ. ಅವನು ಬರುವ ಹಿಂದಿನ ದಿನ ಸ್ಟಾಫ್ ರೂಮಿನಲ್ಲಿ ಹತ್ತು ನಿಮಿಷದ ಮೀಟಿಂಗ್ ಆಯಿತು. ತೀರ್ಮಾನ ಒಂದೇ: "ಅವನ ಮುಂದೆ ಆ ವಿಷಯ ಎತ್ತಬೇಡಿ ಅಂತ ಮಕ್ಕಳಿಗೆ ಹೇಳಿಬಿಡೋಣ." ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಕರುಣೆಯಿಂದಲೇ ಹೇಳಿದ ಮಾತು ಅದು. ಅದಕ್ಕೇ ಅದರೊಳಗಿನ ಎಡವಟ್ಟು ಯಾರಿಗೂ ಕಾಣಲಿಲ್ಲ.

ಆ ವಿಷಯ ಎತ್ತಬೇಡಿ ಅಂದರೆ ಹನ್ನೊಂದು ವರ್ಷದ ಮಕ್ಕಳು ಏನು ಮಾಡುತ್ತಾರೆ? ಯಾವ ವಿಷಯವನ್ನೂ ಎತ್ತುವುದಿಲ್ಲ. ಆ ವಯಸ್ಸಿನ ಮಾತಿನಲ್ಲಿ ಅಪ್ಪ ಎಲ್ಲಾ ಕಡೆ ಬರುತ್ತಾನೆ: ಸೈಕಲ್ ಕೊಡಿಸಿದ್ದು, ಬೈದದ್ದು, ಮೊಬೈಲ್ ಕಿತ್ತುಕೊಂಡಿದ್ದು. ಎಲ್ಲಿ ಬಾಯಿ ತಪ್ಪಿ ಬಂದುಬಿಡುತ್ತೋ ಅಂತ 37 ಮಕ್ಕಳು ಅವನು ಹತ್ತಿರ ಬಂದ ಕೂಡಲೇ ಸುಮ್ಮನಾಗುತ್ತಿದ್ದರು. ಆಮೇಲೆ ಅವನು ಅತ್ತ ಹೋದಾಗ ಯಾರೋ ಮೆಲ್ಲಗೆ "ಪಾಪ" ಅನ್ನುತ್ತಿದ್ದರು. ಅದು ಅವನಿಗೆ ಕೇಳಿಸುತ್ತಿತ್ತು.

"ಆರಾಮಾಗಿದ್ದಾನೆ"

ಹುಡುಗ ನಗುತ್ತಿದ್ದ. ಆಡುತ್ತಿದ್ದ. ಮೊದಲಿಗಿಂತ ಜಾಸ್ತಿ ತಮಾಷೆ ಮಾಡುತ್ತಿದ್ದ. ಟೀಚರ್‌ಗಳೆಲ್ಲ "ಆರಾಮಾಗಿದ್ದಾನೆ ಬಿಡಿ, ಮಕ್ಕಳು ಬೇಗ ಮರೀತಾರೆ" ಅಂದರು. ನಾನೂ ಸ್ವಲ್ಪ ಉಸಿರು ಬಿಟ್ಟೆ.

ಇಲ್ಲಿ ನಮಗೆ ಗೊತ್ತಿರಬೇಕಿದ್ದ ಒಂದು ಸಂಗತಿ ಇತ್ತು. 1999ರಲ್ಲಿ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ ಎಂಬ ಸಂಶೋಧಕರು ದುಃಖವನ್ನು ಎರಡು ದಡಗಳ ನಡುವಿನ ಓಡಾಟದ ಹಾಗೆ ವಿವರಿಸಿದರು. ಒಂದು ದಡದಲ್ಲಿ ಕಳೆದುಕೊಂಡ ನೋವು. ಇನ್ನೊಂದರಲ್ಲಿ ಮುಂದಿನ ಬದುಕಿನ ಕೆಲಸಗಳು. ಮನುಷ್ಯ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಹೋಗಿಬರುತ್ತಲೇ ಇರುತ್ತಾನೆ. ಮಕ್ಕಳಲ್ಲಿ ಈ ಓಡಾಟ ಇನ್ನೂ ಬೇಗ. ಐದು ನಿಮಿಷ ಅತ್ತು, ಆರನೇ ನಿಮಿಷಕ್ಕೆ ಬಾಲ್ ಎಲ್ಲಿ ಅಂತ ಕೇಳುತ್ತಾರೆ. ಆಡುತ್ತಿದ್ದಾನೆ ಅಂದರೆ ದುಃಖ ಮುಗಿಯಿತು ಅಂತ ಅಲ್ಲ, ಸದ್ಯಕ್ಕೆ ಇನ್ನೊಂದು ದಡದಲ್ಲಿದ್ದಾನೆ ಅಷ್ಟೇ.

ಮೊದಲು ಎಚ್ಚರಿಸಿದ್ದು ಒಂದು ಹೊಡೆದಾಟ. ಆಟದ ಮೈದಾನದಲ್ಲಿ ಜಗಳವಾಗಿ ಇನ್ನೊಬ್ಬ ಹುಡುಗ ಅಭ್ಯಾಸಬಲದಿಂದ "ತಾಳು, ನಿಮ್ಮಪ್ಪನಿಗೆ ಹೇಳ್ತೀನಿ" ಅಂದುಬಿಟ್ಟ. ಅಂದಮೇಲೆ ಅವನೇ ಬಾಯಿ ಮುಚ್ಚಿಕೊಂಡನಂತೆ. ಅಷ್ಟರಲ್ಲಿ ಏಟು ಬಿದ್ದಿತ್ತು. ಇಬ್ಬರಿಗೂ ಕ್ಷಮೆ ಕೇಳುವ ಪತ್ರ ಬರೆಯುವ ಶಿಕ್ಷೆ ಆಯಿತು. ಯಾಕೆ ಹೊಡೆದೆ ಅಂತ ಕೇಳಿದರೆ ಇವನು ಹೇಳಲಿಲ್ಲ. ಏನಂದೆ ಅಂತ ಕೇಳಿದರೆ ಅವನೂ ಹೇಳಲಿಲ್ಲ. ಆ ವಿಷಯ ಎತ್ತಬಾರದಲ್ವಾ?

ಎರಡನೆಯದು ಹೊಟ್ಟೆನೋವು. ಸಿಕ್ ರೂಮಿನ ರಿಜಿಸ್ಟರ್‌ನಲ್ಲಿ ಒಂಬತ್ತು ವಾರದಲ್ಲಿ ಎಂಟು ಸಲ ಅವನ ಹೆಸರಿತ್ತು. ನಾನು ಬೇರೆ ಏನೋ ಹುಡುಕಲು ಹೋಗಿ ಆ ಪುಟಗಳನ್ನು ತಿರುವಿ ಹಾಕಿದೆ. ಎಂಟರಲ್ಲಿ ಆರು ಗುರುವಾರ. ಆರೂ ಮೂರನೇ ಪೀರಿಯಡ್ಡಿನ ಹೊತ್ತಿಗೆ. ನಮ್ಮ ಮೇಜಿನ ಮೇಲೇ ಬಿದ್ದಿದ್ದ ರಿಜಿಸ್ಟರ್ ಅದು. ಯಾರೂ ವಾರ ನೋಡಿರಲಿಲ್ಲ, ಬರೀ ತಾರೀಕು ನೋಡಿದ್ದೆವು.

ನನ್ನ ತಪ್ಪು

ಏನಾದರೂ ಮಾಡಬೇಕು ಅನ್ನಿಸಿತು. ಅವಸರದಲ್ಲಿ ಮಾಡಿದೆ. ದುಃಖದ ಬಗ್ಗೆ ಇಡೀ ಕ್ಲಾಸಿಗೆ ಒಂದು ಪಾಠ ತಯಾರು ಮಾಡಿದೆ. ತಾಯಿಯ ಅನುಮತಿ ಕೇಳಿದೆ, ಅವರು ಕೊಟ್ಟರು. ಹುಡುಗನನ್ನು ಕೇಳಲಿಲ್ಲ. ಅದು ಹೊಳೆಯಲೇ ಇಲ್ಲ.

ಚಾರ್ಟಿನ ಮೇಲೆ ಐದು ಹಂತಗಳನ್ನು ಬಣ್ಣ ಬಣ್ಣವಾಗಿ ಬರೆದುಕೊಂಡು ಹೋಗಿದ್ದೆ: ನಂಬದಿರುವುದು, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು. ಪಾಠ ಮುಗಿದ ಮೇಲೆ "ಯಾರಿಗಾದರೂ ಪ್ರಶ್ನೆ ಇದೆಯಾ?" ಅಂದೆ. ಅವನು ಕೈ ಎತ್ತಿದ.

"ನಾನೀಗ ಎಷ್ಟನೇದರಲ್ಲಿದ್ದೀನಿ ಮಿಸ್?"

37 ತಲೆಗಳು ಅವನ ಕಡೆ ತಿರುಗಿದವು. ಅವನು ನಗುತ್ತಿದ್ದ. ನನಗೆ ಉತ್ತರ ಸಿಗಲಿಲ್ಲ.

ಆ ಐದು ಹಂತಗಳನ್ನು ಎಲಿಸಬೆತ್ ಕುಬ್ಲರ್-ರಾಸ್ ಬರೆದಿದ್ದು 1969ರಲ್ಲಿ. ಅವರು ಮಾತಾಡಿಸಿದ್ದು ಸಾವಿನ ಹತ್ತಿರ ಇದ್ದ ರೋಗಿಗಳನ್ನು, ಅಪ್ಪನನ್ನು ಕಳೆದುಕೊಂಡ ಮಕ್ಕಳನ್ನಲ್ಲ. ದುಃಖದಲ್ಲಿರುವವರೆಲ್ಲ ಮೆಟ್ಟಿಲು ಹತ್ತುವ ಹಾಗೆ ಒಂದಾದ ಮೇಲೊಂದು ಹಂತ ದಾಟುತ್ತಾರೆ ಅನ್ನುವುದಕ್ಕೆ ಆಧಾರ ಗಟ್ಟಿಯಿಲ್ಲ. ಇದು ನನಗೆ ಗೊತ್ತಿತ್ತು, ಓದಿದ್ದೆ. ಆದರೂ ಚಾರ್ಟ್ ಮಾಡಿದೆ, ಯಾಕೆಂದರೆ ಐದು ಹಂತ ಅಂದರೆ ಪಾಠದ ಹಾಗೆ ಕಾಣುತ್ತದೆ. ನಲವತ್ತು ನಿಮಿಷಕ್ಕೆ ಸರಿಯಾಗಿ ಮುಗಿಯುತ್ತದೆ.

ಬೆಂಚಿನ ಗೆಳೆಯ

ತಿರುವು ಬಂದದ್ದು ನನ್ನಿಂದಲ್ಲ. ಎರಡು ದಿನ ಆದ ಮೇಲೆ ಅದೇ ಬೆಂಚಿನಲ್ಲಿ ಕೂರುವ ಇನ್ನೊಬ್ಬ ಹುಡುಗ ನನ್ನ ರೂಮಿನ ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ. "ಮಿಸ್, ಅವನ ಹತ್ತಿರ ಏನು ಮಾತಾಡಬೇಕು ಅಂತ ಒಂದು ಚೀಟೀಲಿ ಬರೆದುಕೊಡ್ತೀರಾ?" ಅಂದ.

ಆಗ ಹೊಳೆಯಿತು. ನಾನು ಅಷ್ಟು ದಿನ ದುಃಖದ ಪಾಠ ಬೇಕಾಗಿರುವುದು ಆ ಒಬ್ಬನಿಗೆ ಅಂದುಕೊಂಡಿದ್ದೆ. ಅವನಿಗೆ ದುಃಖ ಅಂದರೇನು ಅಂತ ನಾನು ಕಲಿಸಬೇಕಾಗಿರಲಿಲ್ಲ. ಕಲಿಯಬೇಕಾಗಿದ್ದವರು ಉಳಿದ 37 ಮಕ್ಕಳು, ಸ್ಟಾಫ್ ರೂಮಿನಲ್ಲಿ ತಲೆಯಾಡಿಸಿದ ನಾವು ಅಷ್ಟೂ ಜನ.

ಮೊದಲು ಹುಡುಗನನ್ನು ಕರೆದು ಕ್ಷಮೆ ಕೇಳಿದೆ. ಚಾರ್ಟ್ ಹರಿದು ಹಾಕಿದೆ ಅಂದೆ. "ಯಾಕೆ ಮಿಸ್, ಬಣ್ಣ ಚೆನ್ನಾಗಿತ್ತು" ಅಂದ. ಆಮೇಲೆ ಒಂದು ಹಾಳೆ ಕೊಟ್ಟೆ: ಕ್ಲಾಸಿಗೆ ಏನು ಗೊತ್ತಿರಬೇಕು, ಯಾರು ಹೇಳಬೇಕು, ಏನು ಹೇಳಬಾರದು. ಈಗಲೇ ಬೇಡ, ಮನೆಗೆ ತಗೊಂಡು ಹೋಗು ಅಂದೆ. ನಾಲ್ಕು ದಿನ ಬಿಟ್ಟು ವಾಪಸ್ ತಂದ. ಪೆನ್ಸಿಲ್‌ನಲ್ಲಿ ಬರೆದಿದ್ದ, ಕೆಲವು ಕಡೆ ಅಳಿಸಿ ಮತ್ತೆ ಬರೆದಿದ್ದ:

"ಅಪ್ಪ ಸತ್ತಿದ್ದು ಹಾರ್ಟ್ ಅಟ್ಯಾಕ್‌ನಿಂದ. ಕೆಲವರು ಬೇರೆ ಏನೋ ಹೇಳ್ತಿದ್ದಾರೆ. ಪಾಪ ಅನ್ನಬಾರದು. ಅಪ್ಪನ ಬಗ್ಗೆ ಕೇಳಬಹುದು, ಆದರೆ ಆಟ ಆಡೋವಾಗ ಬೇಡ. ನೀವೇ ಹೇಳಿ, ನಾನು ಲೈಬ್ರರಿಯಲ್ಲಿ ಇರ್ತೀನಿ."

ಕ್ಲಾಸಿನಲ್ಲಿ ಗಾಳಿಮಾತು ಹರಡಿತ್ತು ಅನ್ನುವುದು ನಮಗೆ ಗೊತ್ತೇ ಇರಲಿಲ್ಲ. ದೊಡ್ಡವರು ಬಿಟ್ಟ ಜಾಗವನ್ನು ಮಕ್ಕಳು ಕತೆ ಕಟ್ಟಿ ತುಂಬಿದ್ದರು.

ನಾಲ್ಕು ಪೀರಿಯಡ್

ವಾರಕ್ಕೊಂದರಂತೆ ನಾಲ್ಕು ಪೀರಿಯಡ್ ತೆಗೆದುಕೊಂಡೆ. ಮೊದಲನೆಯದರಲ್ಲಿ ಅವನು ಇರಲಿಲ್ಲ. ಅವನ ಹಾಳೆಯನ್ನೇ ಓದಿ ಹೇಳಿದೆ. ಆಮೇಲೆ ಸಾವಿಗೆ ನಾವು ಬಳಸುವ ಮಾತುಗಳನ್ನು ಮಕ್ಕಳಿಂದಲೇ ಕೇಳಿ ಬೋರ್ಡಿನ ಮೇಲೆ ಬರೆದೆ. ತೀರಿಕೊಂಡರು, ಹೋಗಿಬಿಟ್ಟರು, ಕಣ್ಣುಮುಚ್ಚಿದರು, ಇಲ್ಲವಾದರು, ಕಾಲವಾದರು. ಬೋರ್ಡ್ ತುಂಬಿತು. "ಸತ್ತರು" ಅನ್ನುವುದನ್ನು ಕೊನೆಗೆ ಒಬ್ಬಳು ಹೆದರಿ ಹೆದರಿ ಹೇಳಿದಳು.

ಈ ಪಟ್ಟಿ ಮಾಡಲು ಒಂದು ಕಾರಣವಿತ್ತು. ಮನೆಯಲ್ಲಿ ಆರು ವರ್ಷದ ತಂಗಿಗೆ "ಅಪ್ಪ ಹೋಗಿಬಿಟ್ರು" ಅಂತ ಹೇಳಿದ್ದರು. ಅವಳು ಸಂಜೆ ಆದರೆ ಗೇಟಿನ ಹತ್ತಿರ ನಿಲ್ಲುತ್ತಿದ್ದಳು. ಹೋದವರು ಬರಬೇಕಲ್ಲ! ತಾಯಿಯ ಜೊತೆ ಕೂತು ಮಾತಾಡಿ, "ಅಪ್ಪ ಸತ್ತುಹೋದರು. ಅವರ ಹೃದಯ ನಿಂತುಹೋಯಿತು. ಅವರು ವಾಪಸ್ ಬರಲ್ಲ. ಅವರಿಗೀಗ ನೋವಾಗಲ್ಲ, ಚಳಿಯಾಗಲ್ಲ" ಅಂತ ಹೇಳುವುದು ಅಂತ ಆಯಿತು. ಆ ಮಾತು ಆ ತಾಯಿಯ ಬಾಯಿಗೆ ಬರಲು ಮೂರು ದಿನ ಹಿಡಿಯಿತು. ಸಾವು ಹಿಂದಿರುಗದ್ದು, ಸತ್ತ ದೇಹ ಏನೂ ಮಾಡಲಾರದು, ಎಲ್ಲರಿಗೂ ಸಾವಿದೆ: ಮಾರ್ಕ್ ಸ್ಪೀಸ್ ಮತ್ತು ಸ್ಯಾಂಡರ್ ಬ್ರೆಂಟ್ 1984ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿ, ಹೆಚ್ಚಿನ ಮಕ್ಕಳು ಈ ಮೂರನ್ನೂ ಐದರಿಂದ ಏಳು ವರ್ಷದ ಒಳಗೆ ಅರ್ಥ ಮಾಡಿಕೊಳ್ಳುತ್ತಾರೆ ಅಂದರು. ಅಂದರೆ ಒಂದನೇ ಕ್ಲಾಸಿನ ತಂಗಿ ಸರಿಯಾಗಿ ಆ ಹೊಸ್ತಿಲಲ್ಲಿದ್ದಳು. ಅಲ್ಲಿ ನಿಂತ ಮಗುವಿಗೆ "ಹೋಗಿಬಿಟ್ರು" ಅಂದರೆ ದಾರಿ ತಪ್ಪಿಸಿದ ಹಾಗೆ.

ಎರಡನೇ ಪೀರಿಯಡ್ಡಿಗೆ ಹುಡುಗ ತಾನಾಗಿ ಬಂದು ಕೂತ. ಅವತ್ತು ಕಲಿತದ್ದು, ದುಃಖದಲ್ಲಿರುವವರಿಗೆ ಏನು ಹೇಳಬಹುದು ಅನ್ನುವುದು. ಒಂದು ನಿಯಮ ಇಟ್ಟೆ: ಯಾರ ಸರದಿ ಬಂದರೂ "ಪಾಸ್" ಅನ್ನಬಹುದು, ಕಾರಣ ಹೇಳಬೇಕಿಲ್ಲ. ಈ ನಿಯಮ ನನ್ನದಲ್ಲ. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ 1982ರಲ್ಲಿ ಶುರುವಾದ ಡಗಿ ಸೆಂಟರ್‌ನಲ್ಲಿ, ಮನೆಯವರನ್ನು ಕಳೆದುಕೊಂಡ ಮಕ್ಕಳು ಗುಂಪಾಗಿ ಕೂತಾಗ ಹೀಗೇ ಮಾಡುತ್ತಾರೆ. ನಮ್ಮಲ್ಲಿ ಮೊದಲು ಪಾಸ್ ಅಂದವನು ಆ ಹುಡುಗನೇ. ಮುಂದಿನ ಐದು ಜನ ಸುಮ್ನೆ ಅವನನ್ನು ನೋಡಿ ಪಾಸ್ ಅಂದರು. ಆರನೆಯವನು ಬೆಂಚಿನ ಗೆಳೆಯ. "ಏನು ಹೇಳಬೇಕು ಅಂತ ಗೊತ್ತಾಗ್ತಿಲ್ಲ ಕಣೋ. ಹೇಳಬಾರದು ಅಂದಿದ್ರು, ಅದಕ್ಕೇ ಮಾತಾಡಿಸ್ಲಿಲ್ಲ" ಅಂದ. ನಾನು ಬರೆದುಕೊಂಡು ಹೋಗಿದ್ದ ಮಾದರಿ ವಾಕ್ಯಗಳಿಗಿಂತ ಇದು ಎಷ್ಟೋ ಮೇಲಿತ್ತು. ನನ್ನ ಕಾಗದ ಮಡಚಿಟ್ಟೆ.

ಮೂರನೆಯದು ನೆನಪುಗಳ ಬಗ್ಗೆ. ನಾಲ್ಕನೆಯದು ಯಾವಾಗ ದೊಡ್ಡವರಿಗೆ ಹೇಳಲೇಬೇಕು ಅನ್ನುವುದರ ಬಗ್ಗೆ. ಅವು ಹೆಚ್ಚುಕಡಿಮೆ ಅಂದುಕೊಂಡ ಹಾಗೇ ನಡೆದವು.

ಎರಡು ಕಡೆಯಿಂದ ವಿರೋಧ ಬಂತು. ಹಿರಿಯ ಟೀಚರ್ ಒಬ್ಬರು "ಇಷ್ಟೆಲ್ಲ ಮಾತಾಡಿದರೆ ಗಾಯ ಕೆದಕಿದ ಹಾಗಾಗಲ್ವಾ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಹೇಳಿದ್ದು ಇಷ್ಟೇ: ಗಾಯ ಮುಚ್ಚಿಕೊಂಡಿಲ್ಲ ಮೇಡಂ, ಅವನು ನಮ್ಮ ಮುಂದೆ ಶರ್ಟಿನ ತೋಳು ಇಳಿಸಿಕೊಂಡಿದ್ದಾನೆ. ಇನ್ನೊಂದು ಒಬ್ಬ ತಾಯಿಯ ದೂರು. ಅವರ ಮಗಳು ರಾತ್ರಿ "ಅಮ್ಮ, ನೀನೂ ಸಾಯ್ತೀಯಾ?" ಅಂತ ಕೇಳಿದ್ದಳು, ಅವರು ಗಾಬರಿಯಾಗಿದ್ದರು. ಅದು ಪೂರ್ತಿ ನಮ್ಮ ತಪ್ಪು. ಪಾಠಕ್ಕೆ ಮೊದಲೇ ಎಲ್ಲ ಪೋಷಕರಿಗೂ ಪತ್ರ ಕಳಿಸಬೇಕಿತ್ತು. ಮಗು ಈ ಪ್ರಶ್ನೆ ಕೇಳಬಹುದು, ಕೇಳಿದರೆ "ನಾನು ತುಂಬಾ ವರ್ಷ ಇರ್ತೀನಿ ಅಂತ ಅಂದುಕೊಂಡಿದ್ದೀನಿ, ಆದರೂ ಏನಾದರೂ ಆದರೆ ನಿನ್ನನ್ನ ನೋಡಿಕೊಳ್ಳೋಕೆ ಇಂಥವರಿದ್ದಾರೆ" ಅನ್ನಬಹುದು ಅಂತ. ಮೊದಲ ಪೀರಿಯಡ್ ಮುಗಿದ ಮೇಲೆ ಕಳಿಸಿದೆವು. ತಡವಾಗಿತ್ತು.

ಗುರುವಾರದ ಗುಟ್ಟು

ಹೊಟ್ಟೆನೋವಿನ ವಿಷಯ ಅವನು ಎದುರು ಕೂತು ಹೇಳಲಿಲ್ಲ. ಒಂದು ದಿನ ನೋಟಿಸ್ ಬೋರ್ಡಿಗೆ ಕಾಗದ ಅಂಟಿಸುತ್ತಿದ್ದೆ. ಅವನು ಪಿನ್ ಎತ್ತಿ ಕೊಡುತ್ತಿದ್ದ. ಇಬ್ಬರೂ ಬೋರ್ಡಿನ ಕಡೆಗೇ ಮುಖ ಮಾಡಿದ್ದೆವು. ಈ ವಯಸ್ಸಿನ ಮಕ್ಕಳು ಮುಖ ನೋಡಬೇಕಿಲ್ಲದಾಗ ಹೆಚ್ಚು ಮಾತಾಡುತ್ತಾರೆ.

"ಬಾಗಿಲು ತಟ್ಟಿದರೆ ಹೊಟ್ಟೆ ಹಿಡ್ಕೊಳ್ಳತ್ತೆ ಮಿಸ್. ಗುರುವಾರ ಅಂದ್ರೆ ತಟ್ಟೋಕೆ ಮೊದಲೇ."

ನಾನು ಪಿನ್ ಚುಚ್ಚುತ್ತಲೇ ಇದ್ದೆ.

"ಅವತ್ತು ಆಫೀಸಿಗೆ ಹೋಗು ಅಂದಿದ್ರೆ ಏನೂ ಅನ್ನಿಸ್ತಿರಲಿಲ್ಲ. ಬ್ಯಾಗ್ ತಗೊಂಡು ಹೋಗು ಅಂದ್ರಲ್ಲ, ಆಗಲೇ ಏನೋ ಆಗಿದೆ ಅಂತ ಗೊತ್ತಾಯ್ತು. ಬ್ಯಾಗ್ ತಗೊಂಡ್ರೆ ವಾಪಸ್ ಬರಲ್ಲ ಅಂತ ಅಲ್ವಾ?"

ಮಾಡಿದ ಬದಲಾವಣೆಗಳು ತುಂಬಾ ಚಿಕ್ಕವು. ಅವನ ಜಾಗವನ್ನು ಬಾಗಿಲು ಕಾಣುವ ಕಡೆಗೆ ಬದಲಾಯಿಸಿದೆವು. ಅಟೆಂಡರ್ ತಟ್ಟುವ ಮೊದಲು ಕಿಟಕಿಯ ಗಾಜಿನಲ್ಲಿ ಕಾಣಿಸಿಕೊಳ್ಳುವುದು ಅಂತ ಆಯಿತು. ಅವನ ಜೇಬಿನಲ್ಲಿ ಒಂದು ಹಳದಿ ಕಾರ್ಡ್: ಅದನ್ನು ಡೆಸ್ಕಿನ ಮೇಲಿಟ್ಟು, ಕೇಳದೆ ಹೊರಗೆ ಹೋಗಿ ಹತ್ತು ನಿಮಿಷ ಕೂತು ಬರಬಹುದು. ಹೊಟ್ಟೆನೋವು ಅಂತ ಸುಳ್ಳು ಹೇಳಬೇಕಿಲ್ಲ. ಮೊದಲ ವಾರ ನಾಲ್ಕು ಸಲ ಬಳಸಿದ, ಆಮೇಲೆ ಕಡಿಮೆಯಾಯಿತು. ಒಂದು ಸಲ ಹೋಮ್‌ವರ್ಕ್ ಮಾಡಿರದ ದಿನವೂ ಬಳಸಿದ. ಗಣಿತದ ಟೀಚರ್‌ಗೆ ಅದು ಗೊತ್ತಾಯಿತು. ಗೊತ್ತಾಗದ ಹಾಗೆ ಇದ್ದುಬಿಟ್ಟರು.

ಅದೇ ಟೀಚರ್ ಇನ್ನೊಂದು ಒಳ್ಳೆಯ ಕೆಲಸ ಮಾಡಿದರು. ಅಳತೆಯ ಪಾಠದ ದಿನ ಅವನು ಅಪ್ಪನ ಅಳತೆ ಟೇಪ್ ತಂದಿದ್ದ. ಕಬ್ಬಿಣದ ಟೇಪ್, ಎಳೆದು ಬಿಟ್ಟರೆ ಸರ್‍ರನೆ ಒಳಗೆ ಹೋಗುತ್ತದಲ್ಲ, ಅದು. ಬಳಸಿ ಬಳಸಿ ತುದಿಯ ಎರಡು ಅಂಕಿ ಅಳಿಸಿಹೋಗಿದ್ದವು. ಟೀಚರ್ ಕಣ್ಣೊರೆಸಿಕೊಳ್ಳಲಿಲ್ಲ, ಭಾಷಣ ಮಾಡಲಿಲ್ಲ. "ಮೊದಲೆರಡು ಅಂಕಿ ಕಾಣಲ್ವಾ? ಹಾಗಾದರೆ ಹತ್ತರಿಂದ ಶುರುಮಾಡಿ ಅಳೆ, ಆಮೇಲೆ ಹತ್ತು ಕಳಿ" ಅಂದರು. ಅವನು ಇಡೀ ಕ್ಲಾಸಿನ ಡೆಸ್ಕುಗಳನ್ನು ಹಾಗೇ ಅಳೆದ. ಸತ್ತವರನ್ನು ಮರೆತು ಮುಂದೆ ಹೋಗಬೇಕು ಅನ್ನುವ ಹಳೆಯ ನಂಬಿಕೆಯನ್ನು ಬಿಟ್ಟು, ಅವರ ಜೊತೆಗಿನ ನಂಟು ಬೇರೆ ರೂಪದಲ್ಲಿ ಉಳಿಯುವುದು ಸಹಜ ಅಂತ ಡೆನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್ ಮತ್ತು ಸ್ಟೀವನ್ ನಿಕ್‌ಮನ್ 1996ರಲ್ಲಿ ವಾದಿಸಿದರು. ಆ ದಿನ ಆ ಮಾತು ನನಗೆ ಟೇಪಿನ ಸದ್ದಿನಲ್ಲಿ ಕೇಳಿಸಿತು.

ಆಮೇಲೆ

ಮುಂದಿನ ಎರಡು ತಿಂಗಳಲ್ಲಿ ಅವನು ಸಿಕ್ ರೂಮಿಗೆ ಹೋಗಿದ್ದು ಎರಡೇ ಸಲ. ಒಂದು ಸಲ ನಿಜವಾಗಿಯೂ ಜ್ವರ ಇತ್ತು. ಗಣಿತದ ಅಂಕ ಆ ವರ್ಷ ಮೇಲೇಳಲೇ ಇಲ್ಲ. ಅದನ್ನು ನಾವು ಯಾರೂ ಹೇಳಿ ತೋರಿಸಲಿಲ್ಲ. ತಾಯಿಯ ಜೊತೆ ಮೊದಲೇ ಮಾತಾಡಿಕೊಂಡಿದ್ದೆ: ಅಪ್ಪನ ಹತ್ತಿರ ಹೋಗಬೇಕು ಅನ್ನುವ ಮಾತು ಬಂದರೆ, ನಿದ್ದೆ ಊಟ ಪೂರ್ತಿ ಕೆಟ್ಟರೆ, ಶಾಲೆಗೇ ಬರಲ್ಲ ಅಂದರೆ ಅವತ್ತೇ ಮನೋವೈದ್ಯರಿಗೆ ತೋರಿಸುವುದು, ಕಾಯುವುದು ಬೇಡ ಅಂತ. ಅದರ ಅಗತ್ಯ ಬೀಳಲಿಲ್ಲ. ದೀರ್ಘ ಕಾಲ ಕಾಡುವ ದುಃಖವನ್ನು ಒಂದು ಕಾಯಿಲೆಯಾಗಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿಸಿದ್ದು 2022ರಲ್ಲಿ. ಅದಕ್ಕೂ ಮಕ್ಕಳಲ್ಲಿ ಕನಿಷ್ಠ ಆರು ತಿಂಗಳು ಕಳೆದಿರಬೇಕು. ಹೆಚ್ಚಿನ ಮಕ್ಕಳದ್ದು ಕಾಯಿಲೆ ಅಲ್ಲ, ಬರೀ ದುಃಖ.

ನಾವು ನಿರೀಕ್ಷಿಸದ ಒಂದು ಚೀಟಿ ನನ್ನ ಡಬ್ಬಿಗೆ ಬಂತು. ಅದೇ ಕ್ಲಾಸಿನ ಹುಡುಗಿ. ಎರಡು ವರ್ಷದ ಹಿಂದೆ, ಈ ಶಾಲೆಗೆ ಸೇರುವ ಮೊದಲು, ಅವಳ ಅಣ್ಣ ಸತ್ತಿದ್ದ. "ನನಗೂ ಪಾಸ್ ಕಾರ್ಡ್ ಕೊಡ್ತೀರಾ?" ಅಂತ ಬರೆದಿದ್ದಳು. ಅಡ್ಮಿಷನ್ ಫಾರ್ಮಿನಲ್ಲಿ ಅದನ್ನು ಕೇಳುವ ಜಾಗವೇ ಇಲ್ಲ. ವಿಲಿಯಂ ವರ್ಡನ್ ಮತ್ತು ಸಿಲ್ವರ್‌ಮನ್ 70 ಕುಟುಂಬಗಳ 125 ಮಕ್ಕಳನ್ನು ಹಿಂಬಾಲಿಸಿ ನೋಡಿದ ಅಧ್ಯಯನದಲ್ಲಿ, ಅಪ್ಪ ಅಥವಾ ಅಮ್ಮನನ್ನು ಕಳೆದುಕೊಂಡ ಮಕ್ಕಳಿಗೂ ಉಳಿದ ಮಕ್ಕಳಿಗೂ ನಡುವಿನ ವ್ಯತ್ಯಾಸ ಮೊದಲ ತಿಂಗಳುಗಳಿಗಿಂತ ಎರಡು ವರ್ಷ ಕಳೆದಾಗ ಹೆಚ್ಚು ಎದ್ದು ಕಂಡಿತ್ತು. ಅಷ್ಟು ಹೊತ್ತಿಗೆ ಶಾಲೆ ಮರೆತಿರುತ್ತದೆ.

ನಾವೂ ಮರೆತೆವು. ಏಳನೇ ಕ್ಲಾಸಿಗೆ ಹೊಸ ಟೀಚರ್ ಬಂದರು. ಅವರಿಗೆ ಯಾರೂ ಹೇಳಿರಲಿಲ್ಲ. "ನನ್ನ ಅಪ್ಪ" ಅಂತ ಒಂದು ಪುಟ ಬರೆಯಲು ಕೊಟ್ಟರು. ಹುಡುಗ ಬರೆದ. ಎಲ್ಲವನ್ನೂ ವರ್ತಮಾನ ಕಾಲದಲ್ಲಿ ಬರೆದ: ನನ್ನ ಅಪ್ಪ ಬೆಳಿಗ್ಗೆ ಬೇಗ ಏಳುತ್ತಾರೆ, ನನ್ನ ಅಪ್ಪ ಟೇಪ್ ಹಿಡಿದು ಅಳೆಯುತ್ತಾರೆ. ಟೀಚರ್ ಹತ್ತಕ್ಕೆ ಒಂಬತ್ತು ಕೊಟ್ಟು ಕೆಳಗೆ ಕೆಂಪು ಇಂಕಿನಲ್ಲಿ "ತುಂಬಾ ಚೆನ್ನಾಗಿದೆ, ಅಪ್ಪನಿಗೆ ತೋರಿಸು" ಅಂತ ಬರೆದರು. ಆ ನೋಟ್‌ಬುಕ್ಕನ್ನು ನನಗೆ ತಂದು ತೋರಿಸಿದ್ದು ಅವನಲ್ಲ, ಬೆಂಚಿನ ಗೆಳೆಯ. ಟೀಚರ್‌ಗೆ ವಿಷಯ ತಿಳಿದಾಗ ಅವರು ಅತ್ತರು. ಅವರದ್ದೇನು ತಪ್ಪು? ಈಗ ಕ್ಲಾಸು ಬದಲಾಗುವಾಗ ಕೊಡುವ ಗುಪ್ತ ಫೈಲಿನಲ್ಲಿ ಒಂದು ಸಾಲು ಇರುತ್ತದೆ. ಯಾರು, ಯಾವಾಗ, ಯಾವ ತಾರೀಕುಗಳು ಕಷ್ಟದವು, ಏನು ಬೇಡ. ಬರೆದ ಮೇಲೆ ಮಗುವಿಗೆ ತೋರಿಸಿ, ಸರಿಯಾ ಅಂತ ಕೇಳಿ, ಆಮೇಲೆ ಫೈಲಿಗೆ ಹಾಕುತ್ತೇವೆ.

ಆ ವರ್ಷದ ಸ್ಟಾಫ್ ತರಬೇತಿಗೆ ಟೀಚರ್‌ಗಳ ಜೊತೆ ಆಫೀಸಿನವರನ್ನೂ ಕೂರಿಸಿದೆವು. ಮುಗಿದ ಮೇಲೆ ಅಟೆಂಡರ್ ಹಿಂದೆ ಉಳಿದರು, ಕುರ್ಚಿಗಳನ್ನು ಜೋಡಿಸುತ್ತಾ. ಚೀಟಿ ತಂದವರು ಅವರೇ ಅನ್ನುವುದು ನನಗೆ ಆ ಕ್ಷಣದವರೆಗೂ ತಲೆಗೆ ಬಂದಿರಲಿಲ್ಲ. ಅವತ್ತಿನಿಂದ ಆ ಹುಡುಗ ತಮ್ಮನ್ನು ಕಂಡರೆ ಬೇರೆ ಕಡೆ ತಿರುಗುತ್ತಾನೆ, ಅದಕ್ಕೇ ಆ ಕಾರಿಡಾರ್ ಬಿಟ್ಟು ಸುತ್ತಿ ಹೋಗುತ್ತೇನೆ ಅಂದರು.

"ಚೀಟೀಲಿ ಏನಿದೆ ಅಂತ ನಂಗೆ ಗೊತ್ತಿತ್ತು ಮೇಡಂ. ಮೆಟ್ಟಿಲು ಹತ್ತೋವಾಗ ಓದಿಬಿಟ್ಟಿದ್ದೆ. ನಾನು ಏನು ಮಾಡಬೇಕಿತ್ತು?"

ಇಬ್ಬರೂ ಕೂತು ಒಂದೊಂದೇ ಮಾತು ಜೋಡಿಸಿದೆವು. ಟೀಚರ್‌ನ ಹೊರಗೆ ಕರೆದು ಚೀಟಿ ಕೊಡುವುದು. ಮಗುವನ್ನು ಒಂಟಿಯಾಗಿ ಕಳಿಸದೆ ಜೊತೆಯಲ್ಲೇ ನಡೆಯುವುದು. "ನಿಮ್ಮ ಮಾವ ಬಂದಿದ್ದಾರೆ, ಬಾ, ನಾನೂ ಬರ್ತೀನಿ" ಅನ್ನುವುದು. ಕೇಳಿದರೆ ಸುಳ್ಳು ಹೇಳದೆ, "ಅವರೇ ಹೇಳ್ತಾರೆ, ಅಲ್ಲೀವರೆಗೂ ನಾನಿರ್ತೀನಿ" ಅನ್ನುವುದು. ಅವರು ಅದನ್ನು ಎರಡು ಸಲ ಮೆಲ್ಲಗೆ ಹೇಳಿಕೊಂಡರು.

ಆಮೇಲೆ ಕೊನೆಯ ಕುರ್ಚಿ ಎತ್ತಿಡುತ್ತಾ, "ಬ್ಯಾಗ್ ಅಲ್ಲೇ ಇರಲಿ, ಆಮೇಲೆ ನಾನೇ ತಂದುಕೊಟ್ರೆ ಆಯ್ತಲ್ವಾ ಮೇಡಂ?" ಅಂದರು.